ಪಿಯಾನೊನೇ ಇರಲಿ ಎಂದಳು ಅಕ್ಕ

"ಎಡಗೈ ಇಲ್ಲಿ ಇಡ್ರಿ ಅಕ್ಕಾರ," ಎಂದ ಕೀಬೋರ್ಡ್ ಅಂಗಡಿಯವನು. ನನ್ನ ಅಕ್ಕ ಶರಣಮ್ಮ ಆ ಕೈಯನ್ನು ಸೆರಗಿನೊಳಗೆ ಇನ್ನಷ್ಟು ಸರಿಸಿಕೊಂಡಳು.

ಲಕ್ವ ಹೊಡೆದು ಆ ಕೈ ಬಿದ್ದು ಐದು ತಿಂಗಳು. ಜೇವರ್ಗಿಯ ನಮ್ಮ ಓಣಿಯ ಹೆಂಗಸರು ಪ್ರತಿ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ವಚನ ಹಾಡುತ್ತಿದ್ದರು. ಹಾರ್ಮೋನಿಯಂ ಅಕ್ಕನದು. ಬಲಗೈ ನುಡಿಸಬೇಕು, ಎಡಗೈ ಗಾಳಿ ಹಾಕಬೇಕು. ಗಾಳಿ ಹಾಕುವ ಕೈಯೇ ಹೋದರೆ? ಐದು ತಿಂಗಳು ಬರೀ ತಾಳ ಹಾಕಿ ಹಾಡಿದರು. ಅಕ್ಕ ಗೋಡೆಗೆ ಒರಗಿ ಕೂತಿರುತ್ತಿದ್ದಳು.

ಗಾಳಿ ಹಾಕದೆ ಒಂದೇ ಕೈಯಲ್ಲಿ ನುಡಿಸುವ ಕೀಬೋರ್ಡ್ ಯಾವುದೆಂದು ನಾನು ಎರಡು ವಾರ ವಿಡಿಯೊ ನೋಡಿದೆ. (ಓದಿದವರ ರೋಗ ಇದು: ಕೇಳುವುದಿಲ್ಲ, ಹುಡುಕುತ್ತೇವೆ.) ವರ್ಕ್‌ಸ್ಟೇಷನ್ ಎಂಬ ದೊಡ್ಡ ಕೀಬೋರ್ಡಿನಲ್ಲಿ ನೂರಾರು ವಾದ್ಯಗಳ ದನಿ, ಅಂದರೆ ಟೋನ್, ಇರುತ್ತವೆ. ಆದರೆ ಅದರ ಗುಣ ತಿಳಿಯುವುದು ಪಿಯಾನೊ ಟೋನಿನಲ್ಲಿ. ಮೆಲ್ಲಗೆ ಒತ್ತಿದರೆ ಮೆಲ್ಲಗೆ ನುಡಿಯಬೇಕು. ಕಲಬುರಗಿಯ ಅಂಗಡಿಯಲ್ಲಿ ಮೂರು ಕೀಬೋರ್ಡ್ ನುಡಿಸಿ ಕೇಳಿ, ಮೂರನೆಯದನ್ನು ಅಕ್ಕನಿಗೆ ತೋರಿಸಿದೆ.

ಅಕ್ಕ ಒಂದು ಸಾಲು ನುಡಿಸಿ, ಕೊನೆಯ ಸ್ವರ ಹಿಡಿದು ಕೂತಳು. ಹಾರ್ಮೋನಿಯಂನವರ ರೂಢಿ ಅದು. ಹಾಡುವವರು ಉಸಿರು ಎಳೆದುಕೊಳ್ಳುವ ತನಕ ಸ್ವರ ಬಿಡುವುದಿಲ್ಲ. ಪಿಯಾನೊ ಸ್ವರ ಸಣ್ಣಗಾಗಿ ಆರಿಹೋಯಿತು.

"ಒತ್ತಿ ಹಿಡದ್ರೂ ಸಾಯ್ತದಲ್ಲ ಬೇ ಇದು," ಎಂದಳು ನನಗೆ.

"ಅದಕ್ಯಾಕ ಚಿಂತಿ? ಹಾರ್ಮೋನಿಯಂ ಟೋನೂ ಅದರಿ," ಅಂಗಡಿಯವನು ಬಟನ್ ಒತ್ತಿದ. ಈ ಬಾರಿ ಸ್ವರ ಅಲುಗದೆ ನಿಂತಿತು. ಗಾಳಿ ಹಾಕುವವರು ಯಾರೂ ಇರಲಿಲ್ಲ.

ಅಕ್ಕ ಕೈ ತೆಗೆದಳು. "ಇದು ಬ್ಯಾಡ. ಪಿಯಾನೊನೇ ಇರ್ಲಿ."

ಕೀಬೋರ್ಡ್ ಕೊಂಡು ಬರುವಾಗ ಬಸ್ಸಿನಲ್ಲಿ ಕಾರಣ ಕೇಳಿದೆ. ಕಿಟಕಿಯತ್ತ ನೋಡುತ್ತ ಹೇಳಿದಳು, "ನನ್ನ ಎಡಗೈ ಮೊದಲೂ ಬೇಕಾಗಿರಲಿಲ್ಲ ಅಂದಂಗಾತು."

ಸೋಮವಾರ ಹೆಂಗಸರು ಬಂದರು. ಪಿಯಾನೊ ಸ್ವರ ಆರಿದಂತೆ ಪ್ರತಿ ಸಾಲಿನ ಕೊನೆಗೂ ಹಾಡು ಎಡವಿತು. ಎದುರು ಮನೆಯ ನೀಲಮ್ಮ ನಕ್ಕರು. "ಫಾರಿನ್ ಸೊಸಿ ತಂದಂಗಾತು ನೋಡ್ವಾ. ಒಂದು ಮಾತಾಡಿ ಸುಮ್ಮನಾಗ್ತಾಳ. ಹಾರ್ಮೋನಿಯಂ ಧ್ವನಿ ಇಲ್ಲೇನು ಇದ್ರಾಗ?"

"ಅದ. ಹಚ್ಚಂಗಿಲ್ಲ," ಎಂದಳು ಅಕ್ಕ.

"ಹಠಾ ನೋಡ್ರಿ ಈಕಿದು."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಮರು ಸೋಮವಾರ ಅಕ್ಕ ಒಂದೇ ಕೈಯಲ್ಲಿ ಜಮಖಾನ ಹಾಸಿದಳು. ಯಾರೂ ಬರಲಿಲ್ಲ. ಹಾಡು ಕೇಳಿದ್ದು ಎದುರು ಮನೆಯಿಂದ, ಬೇರೆ ಯಾರದೋ ಹಾರ್ಮೋನಿಯಂ ಜೊತೆ. ಹೋಗಿ ಬಾಗಿಲಲ್ಲಿ ನಿಂತೆ. ನೀಲಮ್ಮ ಎದ್ದು ಬಂದು ನನ್ನ ಕೈ ಹಿಡಿದರು. "ಶರಣಮ್ಮಗ ಯಾಕ ತ್ರಾಸ ಅಂತ ಇಲ್ಲೇ ಇಟ್ಕೊಂಡ್ವಿ. ಆರಾಮ ಇರ್ಲಿ ಆಕಿ."

ಅವರ ದನಿಯಲ್ಲಿ ಕಪಟವಿರಲಿಲ್ಲ. ನಾನು ಕೈ ಬಿಡಿಸಿಕೊಂಡು ಮನೆಗೆ ಮರಳಿದೆ.

ತ್ರಾಸವಾಗಬಾರದೆಂದು ಒಬ್ಬರನ್ನು ಬಿಟ್ಟು ಮುಂದೆ ನಡೆಯುತ್ತೇವಲ್ಲ, ಆ ತ್ರಾಸ ನಿಜಕ್ಕೂ ಯಾರದು?