ಅತ್ತೆಯ ಅಡುಗೆಗೆ ಬಿದ್ದ ಬಿಲ್

ಟಿವಿಯಲ್ಲಿ ಸಂಸತ್ತಿನ ಕಟ್ಟಡ ಕಂಡರೆ ಸಾಕು, ನನ್ನ ಕೈ ರಿಮೋಟಿಗೆ ಹೋಗುತ್ತದೆ. ಇವಳಿಗೆ ರಾಜಕೀಯ ತಿಳಿಯುವುದಿಲ್ಲ ಎಂದು ನಮ್ಮ ಮನೆಯವರು ಛೇಡಿಸುತ್ತಾರೆ. ತಿಳಿಯದೆ ಅಲ್ಲ, ತಿಳಿದೇ ಬದಲಿಸುವುದು. ಊಟದ ಹೊತ್ತಿನಲ್ಲಂತೂ ಆ ಮುಖಗಳನ್ನು ನೋಡಿದರೆ ನನಗೆ ತುತ್ತು ಇಳಿಯುವುದಿಲ್ಲ. ಇದಕ್ಕೆ ಕಾರಣ ಪತ್ರಿಕೆಯಲ್ಲಿ ಬರುವಂಥ ದೊಡ್ಡ ಹಗರಣವೇನೂ ಅಲ್ಲ. ಹಾರನಹಳ್ಳಿಯ ನಮ್ಮ ಮನೆಯಲ್ಲಿ ನಡೆದ ಒಂದು ಮಧ್ಯಾಹ್ನದ ಊಟ.

ನನ್ನ ತವರು ಬೇಲೂರು. ಗುಡಿಯ ಹತ್ತಿರದ ಬೀದಿಯಲ್ಲಿ ಬೆಳೆದವಳಾದ್ದರಿಂದ ಗಣ್ಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಬರುವ ಹಿಂದಿನ ದಿನ ನಮ್ಮ ಬೀದಿ ಗುಡಿಸುತ್ತಿದ್ದರು, ಧೂಳು ಏಳದಂತೆ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದರು. ಅವರು ಹೋದ ಮೇಲೆ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಹಾಗಾಗಿ ದೊಡ್ಡವರು ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನನ್ನ ಅತ್ತೆ ಹಾಗಲ್ಲ. ಸಂಸತ್ತು ಎಂದರೆ ಅವರ ಪಾಲಿಗೆ ದೇಶದ ಚಾವಡಿ. ಅಲ್ಲಿ ಕೂತವರು ಟಿವಿಯಲ್ಲಿ ಕೂಗಾಡಿದರೆ, "ನಮ್ಮೂರ ಚಾವಡೀಲಿ ಹಿಂಗ್ ಆಡಿದ್ರೆ ದಂಡ ಹಾಕೋರು" ಎಂದು ಬೈಯುತ್ತಿದ್ದರು; ಆದರೂ ಚುನಾವಣೆಯ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಮಿಂದು, ವಿಭೂತಿ ಧರಿಸಿ ಮತಗಟ್ಟೆಗೆ ಹೊರಡುವವರು ಅವರೇ.

ಮದುವೆಯಾಗಿ ಆ ಮನೆಗೆ ಬಂದಾಗ ನನಗೆ ವಿಚಿತ್ರವೆನಿಸಿದ್ದು ಊಟದ ಹೊತ್ತಿನ ಕ್ರಮ. ಆ ಹೊತ್ತಿಗೆ ಬಾಗಿಲಿಗೆ ಬಂದವರನ್ನು ಯಾರು, ಯಾವ ಊರು, ಏನು ಕೆಲಸ ಎಂದು ಕೇಳುವಂತಿಲ್ಲ. ಮೊದಲು ಕೈಗೆ ನೀರು, ಆಮೇಲೆ ಎಲೆ. ಮಾತೆಲ್ಲ ಉಂಡ ಮೇಲೆ. ಕೊಬ್ಬರಿ ತುಂಬಲು ಬಂದ ಲಾರಿಯವರು, ಮಾಲೇಕಲ್ಲು ಬೆಟ್ಟದ ಗುಡಿಗೆ ನಡೆದು ಹೋಗುವ ಹರಕೆಯವರು, ಊರಿನ ಹಳೆಯ ಗುಡಿ ನೋಡಲು ಬಂದು ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಆ ಪಡಸಾಲೆಯಲ್ಲಿ ಉಂಡಿದ್ದಾರೆ. ಬಡಿಸಿ ಬಡಿಸಿ ಸೊಂಟ ಬಿದ್ದುಹೋಗಿ ಒಮ್ಮೆ ನಾನು ಗೊಣಗಿದ್ದೆ. ಅತ್ತೆ ಸಿಟ್ಟಾಗಲಿಲ್ಲ. "ಕೇಳಿ ಇಕ್ಕಿದ್ರೆ ಅದು ದಾಸೋಹ ಆಗಕಿಲ್ಲ ಕಣವ್ವಾ, ವ್ಯಾಪಾರ ಆಯ್ತದೆ" ಎಂದರು. ನಮ್ಮ ಮಾವ ತೀರಿಕೊಂಡಾಗಿನ ಹನ್ನೊಂದು ದಿನ ಬಿಟ್ಟರೆ ಆ ಕ್ರಮ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಬೇಲೂರು, ಹಳೇಬೀಡಿನ ಗುಡಿಗಳಿಗೆ ಪ್ರಪಂಚದ ಮಾನ್ಯತೆ ಸಿಕ್ಕಿದ ಮೇಲೆ ನಮ್ಮ ಕಡೆ ನೋಡಲು ಬರುವವರು ಹೆಚ್ಚಾದರು. ಹಾಗೆಯೇ ಸಂಸದರ ಒಂದು ತಂಡವೂ ಬಂತು. ಯಾತ್ರಿಕರಿಗೆ ಏನೇನು ಸೌಕರ್ಯವಿದೆ ಎಂದು ಅಧ್ಯಯನ ಮಾಡಲು ಬರುತ್ತಾರಂತೆ, ಎರಡೂ ಕಡೆ ನೋಡಿಕೊಂಡು ನಮ್ಮೂರಿನ ಗುಡಿಗಳಿಗೂ ಬರುತ್ತಾರಂತೆ, ಮಧ್ಯಾಹ್ನದ ಊಟ ಹಳ್ಳಿಯ ಮನೆಯಲ್ಲೇ ಆಗಬೇಕಂತೆ. ಪ್ರವಾಸದ ಏರ್ಪಾಡು ನೋಡಿಕೊಳ್ಳುತ್ತಿದ್ದ ಅರಸೀಕೆರೆ ತಾಲೂಕು ಕಚೇರಿಯ ಅಧಿಕಾರಿ ಊರಲ್ಲಿ ವಿಚಾರಿಸಿದಾಗ ಎಲ್ಲರೂ ಬೆರಳು ತೋರಿಸಿದ್ದು ನಮ್ಮ ಮನೆಯ ಕಡೆಗೇ.

ಅತ್ತೆಗೆ ಆದ ಸಂಭ್ರಮ ಹೇಳತೀರದು. ದೇಶದ ಚಾವಡಿಯೇ ಅವರ ಪಡಸಾಲೆಗೆ ಬರುತ್ತಿತ್ತು. ತೋಟದಿಂದ ಬಾಳೆ ಎಲೆ ಕೊಯ್ಯಿಸಿದರು, ಗೋಡೆಗೆ ಸುಣ್ಣ ಹೊಡೆಸಿದರು. ಒಬ್ಬಟ್ಟಿಗೆ ಕಾಯಿಹಾಲು, ಹಿತುಕಿದ ಅವರೆಬೇಳೆ ಸಾರು, ಕೋಸಂಬರಿ, ಬಿಸಿ ಮುದ್ದೆ. ಅವರೆಕಾಳು ಹಿತುಕಿ ನನ್ನ ಉಗುರು ನೋಯುತ್ತಿತ್ತು, ಆದರೂ ಅತ್ತೆಯ ಮುಖ ನೋಡಿ ಸುಮ್ಮನಿದ್ದೆ.

ಬಂದರು. ಗುಡಿಯೊಳಗೆ ಇದ್ದದ್ದಕ್ಕಿಂತ ಗುಡಿಯ ಮುಂದೆ ಫೋಟೋಕ್ಕೆ ನಿಂತದ್ದೇ ಹೆಚ್ಚು. ಬೀದಿಯ ತುಂಬ ಕಾರು, ಒಳಗೆ ಯಾರೂ ಇಲ್ಲದಿದ್ದರೂ ಎ.ಸಿ. ನಿಲ್ಲದಂತೆ ಎಂಜಿನ್ ಓಡುತ್ತಲೇ ಇತ್ತು. ನಾಲ್ಕು ಜನ ಒಬ್ಬಟ್ಟಿನ ಮೂಲೆ ಮುರಿದು ಹಾಗೇ ಬಿಟ್ಟರು. ಒಬ್ಬರು ಎಲೆಯ ಮುಂದೆ ಕೂತೇ ಫೋನಿನಲ್ಲಿ ಯಾರನ್ನೋ ಗದರುತ್ತಿದ್ದರು. ವಯಸ್ಸಾದ ಒಬ್ಬರು ಮಾತ್ರ ಬಡಿಸಿದ್ದನ್ನೆಲ್ಲ ಉಂಡು, ಏಳುವಾಗ ಅತ್ತೆಗೆ ಕೈಮುಗಿದು ಹಿಂದಿಯಲ್ಲಿ ಏನೋ ಹೇಳಿದರು. ನೀವು ಸಾಕ್ಷಾತ್ ಅನ್ನಪೂರ್ಣೆ ಅಂತಿದಾರೆ ಎಂದು ಅಧಿಕಾರಿ ತಿಳಿಸಿದಾಗ ಅತ್ತೆಯ ಕಣ್ಣಲ್ಲಿ ನೀರು ಬಂತು.

ಕಾರುಗಳು ಹೊರಟ ಮೇಲೆ ಆ ಅಧಿಕಾರಿ ಹಿಂದೆ ಉಳಿದರು. "ಎಷ್ಟಾಯ್ತಮ್ಮಾ? ಹೇಳಿ, ಕೊಡಿಸ್ತೀನಿ" ಎಂದರು.

ಅತ್ತೆ ಮುಖ ಗಂಟಿಕ್ಕಿಕೊಂಡರು. "ಉಂಡೋರತ್ರ ಕಾಸು ಈಸ್ಕಳಕ್ಕೆ ನಾವೇನ್ ಹೋಟ್ಲು ಮಡಗಿದೀವಾ? ಇನ್ನೊಂದ್ ಸಲ ಆ ಮಾತು ಆಡಬ್ಯಾಡಿ ಸ್ವಾಮಿ."

ಆತ ನಕ್ಕು ಕೈಮುಗಿದರು. ಅತ್ತೆಯ ದೊಡ್ಡ ಮನಸ್ಸಿಗೆ ಮುಗಿದ ಕೈ ಎಂದೇ ನಾನು ಅಂದುಕೊಂಡೆ. ಅಲ್ಲಿಗೆ ಅದು ಮುಗಿಯಿತು.

ಕೆಲವು ತಿಂಗಳಾದ ಮೇಲೆ ಅರಸೀಕೆರೆಯ ಹೋಟೆಲೊಂದರ ಯಜಮಾನ ತೆಂಗಿನಕಾಯಿ ಎತ್ತಿಕೊಂಡು ಹೋಗಲು ಮನೆಗೆ ಬಂದ. ನಮ್ಮದೇ ತೋಟದ ಕಾಯಿ ಅವನ ಚಟ್ನಿಗೆ ಹೋಗುತ್ತಿದ್ದುದು. ಜಗಲಿಯಲ್ಲಿ ಕಾಫಿ ಕುಡಿಯುತ್ತ ನಮ್ಮ ಮನೆಯವರಿಗೆ ಅವನು ಹೇಳಿದ್ದು ನನಗೆ ಒಳಗಿನಿಂದಲೇ ಕೇಳಿಸಿತು.

"ನಿಮ್ಮನೆ ಊಟ ನಮಗೆ ಚೆನ್ನಾಗ್ ಕೈ ಹಿಡೀತು ಕಣ್ರೀ. ಆವತ್ತು ದಿಲ್ಲಿಯೋರು ಬಂದಿದ್ರಲ್ಲ, ಸಾಹೇಬ್ರು ಹೇಳಿದ್ರು ಅಂತ ಆ ಊಟದ ಬಿಲ್ ನಾನೇ ಮಾಡ್ಕೊಟ್ಟೆ. ಉಂಡೋರ್ಗಿಂತ ಮೂರರಷ್ಟು ಎಲೆ ಲೆಕ್ಕ. ರೇಟು ಕೇಳಿದ್ರೆ ನೀವು ತೋಟ ಮಾರಿ ಹೋಟ್ಲು ಇಕ್ಕಂತೀರ. ನನಗೆ ಬಂದಿದ್ದು ಚೂರು ಪಾರು, ಉಳಿದಿದ್ದೆಲ್ಲಾ ಮ್ಯಾಲಕ್ಕೆ."

ಅವನು ಇದನ್ನು ಗುಟ್ಟಿನಂತೆ ಹೇಳಲಿಲ್ಲ. ಮಳೆ ಬೆಳೆ ಮಾತಾಡುವ ದನಿಯಲ್ಲೇ ಹೇಳಿ, ನಾವು ನಗುತ್ತೇವೆಂದು ಕಾದ. ನನಗೆ ಅಸಹ್ಯವಾಗಿದ್ದು ಮೊದಲು ಅದೇ. ಜಗಲಿಯ ತುದಿಯಲ್ಲಿ ಹೂವು ಕಟ್ಟುತ್ತ ಕೂತಿದ್ದ ಅತ್ತೆಯ ಕೈ ನಿಂತಿತು.

"ನಮ್ಮನೆ ಅನ್ನದ ಹೆಸ್ರಲ್ಲಿ ಸರ್ಕಾರದ ಕಾಸು ಹೋಗೈತಾ?" ಎಂದು ಕೇಳಿದರು.

"ಹೋದ್ರೆ ಹೋಯ್ತದೆ ಬಿಡಜ್ಜಿ. ಸರ್ಕಾರದ್ದು, ಯಾರಪ್ಪನ್ ಗಂಟು?"

"ಈ ಬೀದಿಯೋರೆಲ್ಲಾರ್ದೂ ಕಣಪ್ಪಾ" ಎಂದು ಅತ್ತೆ ಎದ್ದು ಒಳಗೆ ಹೋದರು. ಆ ದಿನ ಅವರು ಉಣ್ಣಲಿಲ್ಲ.

ಉಂಡ ಮನೆಯ ಗಳ ಹಿರಿಯುವುದು ಎಂದು ನಾನು ಚಿಕ್ಕಂದಿನಿಂದ ಕೇಳಿದ್ದೆ. ಕಣ್ಣಾರೆ ಕಂಡದ್ದು ಆಗಲೇ. ದಿಲ್ಲಿಯಿಂದ ಬಂದವರಿಗೆ ಈ ಬಿಲ್ಲಿನ ವಿಷಯ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಗೊತ್ತಿದ್ದರೆ ಕಳ್ಳರು. ಗೊತ್ತಿಲ್ಲದಿದ್ದರೆ, ತಮ್ಮ ಹೆಸರಿನಲ್ಲಿ ಹೋಗುವ ಊರವರ ಕಾಸಿನ ಕಡೆ ಕಣ್ಣೆತ್ತಿಯೂ ನೋಡದವರು ದೇಶದ ಲೆಕ್ಕ ಕೇಳಲು ಅಲ್ಲಿ ಕೂತಿದ್ದಾರೆ. ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆ ಎಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ಇಂಥ ಹೊತ್ತಿನಲ್ಲಿ ಬೇರೆಯವರು ದೂರು ಕೊಡುತ್ತಾರೆ, ಇಲ್ಲವೇ ಬೈದು ಸುಮ್ಮನಾಗುತ್ತಾರೆ. ನನ್ನ ಅತ್ತೆ ಮಾಡಿದ್ದು ಬೇರೆಯೇ. ಮರುವಾರ ಒಂದು ಗಾಡಿ ಕಾಯಿ ಮಾರಿಸಿ, ಆ ದುಡ್ಡನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು, "ಅರಸೀಕೆರೆಗೆ ನಡಿಯವ್ವಾ, ಸರ್ಕಾರಕ್ಕೆ ಕಟ್ಟಿ ಬರನಾ" ಎಂದರು.

ನನಗೆ ರೇಗಿಹೋಯಿತು. "ಅತ್ತೆ, ನುಂಗಿದೋರು ಯಾರೋ, ಕಟ್ಟೋರು ನೀವಾ?"

"ಅವ್ರು ಎಲ್ಲಿ ನುಂಗಿದ್ರೋ ನಂಗೊತ್ತಿಲ್ಲ. ಹೆಸ್ರು ನನ್ನ ಎಲೇದು. ಅದನ್ನ ನಾನು ತೊಳ್ಕಬೇಕು. ಇಲ್ದಿದ್ರೆ ನಾನು ಇಕ್ಕಿದ್ದು ಅನ್ನ ಹೆಂಗಾಯ್ತದೆ?"

ತಾಲೂಕು ಕಚೇರಿಯಲ್ಲಿ ಅದೇ ಅಧಿಕಾರಿ ಇದ್ದರು. ನಮ್ಮನ್ನು ಕಂಡು ಮೊದಲು ಅವರ ಮುಖ ಬಿಳಿಚಿತು. ಈ ಮುದುಕಿ ಜಗಳಕ್ಕೆ ಬಂದಿಲ್ಲ, ದುಡ್ಡು ಕಟ್ಟಲು ಬಂದಿದ್ದಾಳೆ ಎಂದು ತಿಳಿದ ಮೇಲೆ ಆ ಮುಖಕ್ಕೆ ಮತ್ತೆ ಕಳೆ ಬಂತು. ಪಕ್ಕದ ಮೇಜಿನವರನ್ನೂ ಕರೆದು ಹೇಳಿಕೊಂಡು ನಕ್ಕರು.

"ಅಜ್ಜಿ, ಖರ್ಚು ಬರೆದಾದ ದುಡ್ಡನ್ನ ವಾಪಸ್ ಇಸ್ಕೊಳ್ಳೋಕೆ ನಮ್ಮಲ್ಲಿ ದಾರೀನೇ ಇಲ್ಲ. ಅಷ್ಟೊಂದು ಮನಸಿದ್ರೆ ಗುಡಿ ಹುಂಡಿಗೆ ಹಾಕ್ಬಿಡಿ."

"ಗುಡೀಲಿ ಕದ್ದಿದ್ರೆ ಗುಡಿಗೆ ಹಾಕ್ತಿದ್ದೆ" ಎಂದರು ಅತ್ತೆ.

ನಾನು ತಡೆಯಲಾರದೆ ಬಾಯಿಗೆ ಬಂದಂತೆ ಬೈದೆ, ದೂರು ಕೊಡುತ್ತೇನೆ ಎಂದೂ ಹೇಳಿದೆ. ಆತ ತಣ್ಣಗೆ ಕುರ್ಚಿಗೆ ಒರಗಿದರು. "ಕೊಡಿ ಮೇಡಂ. ಆದ್ರೆ ಊಟ ಆಗಿರೋದು ಹೋಟ್ಲಲ್ಲಿ. ನಿಮ್ಮನೇಲಿ ಯಾರೂ ಊಟಾನೇ ಮಾಡಿಲ್ಲವಲ್ಲ."

ಸುಣ್ಣ ಹೊಡೆಸಿದ ಗೋಡೆ, ಹಿತುಕಿದ ಅವರೆ, ಅತ್ತೆಯ ಕಣ್ಣೀರು, ಅವರ ಕಾಗದದಲ್ಲಿ ಯಾವುದೂ ನಡೆದೇ ಇರಲಿಲ್ಲ. "ಅನ್ನಪೂರ್ಣೆ ಅಂದ್ರಲ್ಲ ಅವರು?" ಎಂದು ಅತ್ತೆ ಕೇಳಿದರು. ಆತ ಫೋನು ಎತ್ತಿಕೊಂಡರು. ದುಡ್ಡಿನ ಗಂಟಿನೊಂದಿಗೇ ನಾವು ಬಸ್ಸು ಹತ್ತಿದೆವು. ಆಮೇಲೆ ನಾನು ದೂರು ಬರೆದು ಕಳಿಸಿದ್ದೂ ಆಯಿತು. ಇವತ್ತಿನವರೆಗೆ ಅದಕ್ಕೆ ಜವಾಬಿಲ್ಲ.

ಅತ್ತೆ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಸರಿಹೋದರು ಎಂದುಕೊಂಡಿದ್ದೆ. ಮೊನ್ನೆ ಮೊನ್ನೆ ಮನೆ ಮನೆ ಸಮೀಕ್ಷೆಗೆಂದು ಬೇರೆ ಊರಿನ ಟೀಚರೊಬ್ಬರು ಬಂದರು. ಸುಡುವ ಬಿಸಿಲು, ನೆತ್ತಿಯ ಮೇಲೆ ಹೊತ್ತು. ನೆಟ್‌ವರ್ಕ್ ಸಿಗದೆ ಬೆಳಗಿನಿಂದ ಅಲೆದು ಆ ಹೆಣ್ಣುಮಗಳ ತುಟಿ ಒಣಗಿತ್ತು. ಒಳಗೆ ಮುದ್ದೆ ಇಳಿಸಿದ್ದೆ, ಸೊಪ್ಪಿನ ಸಾರಿನ ಒಗ್ಗರಣೆ ಬೀದಿಯವರೆಗೆ ಘಮ್ಮೆನ್ನುತ್ತಿತ್ತು. ನಾನು ಮಾಮೂಲಿನಂತೆ ಕೈಗೆ ನೀರು ತರಲು ಚೊಂಬು ಎತ್ತಿದೆ.

"ಯಾರವ್ವಾ ನೀನು?" ಎಂದರು ಅತ್ತೆ ಜಗಲಿಯಿಂದ.

ಚೊಂಬು ಹಿಡಿದು ನಾನು ಬಾಗಿಲಲ್ಲೇ ನಿಂತೆ. ಆ ಮನೆಯಲ್ಲಿ ಆ ಹೊತ್ತಿನಲ್ಲಿ ಆ ಮಾತನ್ನು ನಾನು ಕೇಳಿರಲೇ ಇಲ್ಲ.

"ಸರ್ಕಾರದ ಕಡೆಯಿಂದ ಬಂದಿದೀನಿ ಅಜ್ಜಿ" ಎಂದರು ಟೀಚರು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ.

ಅತ್ತೆ ಕುಡಿಯಲು ನೀರು ಕೊಡಿಸಿದರು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಎಲೆ ಹಾಕು ಎಂದು ಮಾತ್ರ ಹೇಳಲಿಲ್ಲ. ಟೀಚರು ಫೋನು ಚೀಲಕ್ಕೆ ಹಾಕಿಕೊಂಡು, ಒಂದು ಗಳಿಗೆ ಒಗ್ಗರಣೆಯ ವಾಸನೆಯ ಕಡೆ ಮುಖ ಮಾಡಿ, "ಬತ್ತೀನಿ ಅಜ್ಜಿ" ಎಂದು ಮೆಟ್ಟಿಲಿಳಿದರು.

"ಪಾಪ, ಹಸಿದಿತ್ತು ಆ ಮಗು" ಎಂದೆ ನಾನು. ಸಿಟ್ಟಿನಿಂದಲೇ ಎಂದೆ.

"ನಂಗೇನ್ ಕಾಣಕಿಲ್ವಾ?" ಎಂದರು ಅತ್ತೆ. "ಇಲ್ಲಿ ಉಂಡ್ಲು ಅಂತ ನಾಳೆ ಅವಳ ಹೆಸ್ರಲ್ಲೂ ಯಾವನಾರ ಬಿಲ್ ಮಾಡ್ತಾನೆ ಕಣವ್ವಾ. ಹೋಗ್ಲಿ ಬುಡು."

ಹೀಗೆ ಆ ಮನೆಯ ಬಾಗಿಲಿಂದ ಹಸಿದವರೊಬ್ಬರು ಮೊದಲ ಸಲ ಉಣ್ಣದೆ ಹೋದರು.