ಕಾಯಿಲ್ ಕಟ್ಟಲು ಹೊರಟ ಹುಡುಗಿ

ನನ್ನ ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ನಾನು ಆಡಿದಷ್ಟು ಜಗಳವನ್ನು ಅದಕ್ಕೆ ಮುಂಚೆ ಆಡಿರಲಿಲ್ಲ, ಆಮೇಲೂ ಆಡಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ದೊಡ್ಡಬಳ್ಳಾಪುರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಅಕ್ಕನನ್ನು ಕೊಟ್ಟಿದ್ದು ಸಾಸಲಿನ ಆಚೆಯ ಹಳ್ಳಿಗೆ. ಅಲ್ಲಿ ಹೈಸ್ಕೂಲು ಇಲ್ಲದ್ದರಿಂದ ಹುಡುಗಿ ನಮ್ಮ ಮನೆಯಲ್ಲೇ ಇದ್ದುಕೊಂಡು ಓದಿದಳು. ನನ್ನ ಮನೆಯವರು ಬೇರೆ ಊರಿಗೆ ವರ್ಗವಾಗಿ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಹಾಗಾಗಿ ಮನೆಯಲ್ಲಿ ಹೆಚ್ಚಿನ ದಿನ ನಾವಿಬ್ಬರೇ.

ಭಾವನ ಬಾವಿಗೆ ಕರೆಂಟು ಬಂದು ಪಂಪ್‌ಸೆಟ್ಟು ಕೂತಿದ್ದು ಆ ಕಾಲದಲ್ಲೇ. ವೋಲ್ಟೇಜು ಏರಿ ಇಳಿದು ಮೋಟಾರು ಆಗಾಗ ಸುಟ್ಟುಹೋಗುತ್ತಿತ್ತು. ಅದನ್ನು ಗಾಡಿಯಲ್ಲಿ ಹೇರಿಕೊಂಡು ಭಾವ ಪೇಟೆಗೆ ಬಂದರೆ, ಇವಳು ಸ್ಕೂಲು ಬಿಟ್ಟ ಕೂಡಲೇ ವೈಂಡಿಂಗ್ ಅಂಗಡಿಗೆ ಓಡುತ್ತಿದ್ದಳು. ಸುಟ್ಟ ತಂತಿಯನ್ನು ಕಿತ್ತು ಹೊಸ ತಾಮ್ರದ ತಂತಿಯನ್ನು ಸುತ್ತುಸುತ್ತಾಗಿ ಕೂರಿಸುವುದನ್ನು ನಿಂತು ನೋಡಿ ಬಂದು, ರಾತ್ರಿ ಊಟದ ಹೊತ್ತಿಗೆ ನನಗೆ ವಿವರಿಸುವಳು. ಕಿತ್ತೆಸೆದ ತಂತಿ ತಂದು ಬೆಂಕಿಪೊಟ್ಟಣಕ್ಕೆ ಸುತ್ತಿ ಕಾಯಿಲ್ ಮಾಡುವಳು. ರಿಸಲ್ಟ್ ಬಂದ ದಿನ ಮುಂದೇನು ಓದುತ್ತೀಯ ಎಂದು ಕೇಳಿದೆ.

"ಓದಲ್ಲ ಚಿಕ್ಕಮ್ಮ. ಮೋಟ್ರು ಕೆಲಸ ಕಲೀತೀನಿ" ಎಂದಳು.

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಬೀದಿಯ ಮನೆಮನೆಯಲ್ಲೂ ಮಗ್ಗ ಸದ್ದು ಮಾಡುತ್ತಿತ್ತು. ನೂಲು ಸುತ್ತುವವರು, ಎಳೆ ಕಟ್ಟುವವರು, ಬೆಳಿಗ್ಗೆಯಿಂದ ಸಂಜೆವರೆಗೂ ಸೊಂಟ ಬಗ್ಗಿಸಿ ದುಡಿಯುವವರಲ್ಲಿ ಅರ್ಧ ಹೆಂಗಸರೇ. ಹೊಲಗಳಲ್ಲಂತೂ ಕೇಳುವುದೇ ಬೇಡ. ಹೆಂಗಸು ಕೆಲಸ ಮಾಡಬಾರದು ಎಂದು ಆ ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಕೆಲಸ ಕಲಿತು ನಾಲ್ಕು ಜನ ಕೇಳಿಕೊಂಡು ಬರುವ ಹಾಗೆ ಆಗಬಾರದು, ಅಷ್ಟೇ. ಇದು ನನಗೆ ತಿಳಿದದ್ದು ಅವಳನ್ನು ಕರೆದುಕೊಂಡು ಅಲೆದ ಮೇಲೆ.

ಮೊದಲ ಜಗಳ ಭಾವನ ಜೊತೆಗೆ. "ನೀನು ಓದ್ಸಿದ್ದು ಸಾಕು ಕಣಮ್ಮ. ಮೋಟ್ರು ರಿಪೇರಿ ಮಾಡೋ ಹುಡುಗೀನ ಯಾರು ಕಟ್ಕೊಂತಾರೆ? ಬೇಕಾದ್ರೆ ಒಂದು ಹೊಲಿಗೆ ಮಿಷನ್ ತಕ್ಕೊಡ್ತೀನಿ, ಮನೇಲಿ ಕೂತು ಹೊಲೀಲಿ" ಎಂದರು.

"ಹೊಲಿಗೆ ಮಿಷನ್ನೂ ಮಿಷನ್ನೇ ಅಲ್ವಾ ಭಾವ? ಅದಕ್ಕಾದ್ರೆ ಗಂಡು ಸಿಗ್ತಾನೆ, ಇದಕ್ಕೆ ಸಿಗಲ್ವಾ?"

ಭಾವ ನಕ್ಕು ಟವೆಲ್ ಕೊಡವಿ ಎದ್ದುಹೋದರು. ಬೇಡ ಎಂದು ಖಡಾಖಂಡಿತವಾಗಿ ಹೇಳಲಿಲ್ಲವಾದ್ದರಿಂದ ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಬೆಂಗಳೂರಿನಲ್ಲಿ ಸರ್ಕಾರದ ತರಬೇತಿ ಕೇಂದ್ರವೊಂದಿತ್ತು. ರಜೆ ಹಾಕಿ ಅವಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅಲ್ಲಿದ್ದ ಗುಮಾಸ್ತ ಒಳ್ಳೆಯ ಮನುಷ್ಯನೇ. ಕೂರಲು ಕುರ್ಚಿ ಕೊಟ್ಟ. ಯಾವ ಹುಡುಗನಿಗೆ ಸೀಟು ಎಂದು ಕೇಳಿದ. ಹುಡುಗ ಅಲ್ಲ, ಇವಳಿಗೇ ಎಂದಾಗ ಪೆನ್ನಿಗೆ ಕ್ಯಾಪು ಹಾಕಿಬಿಟ್ಟ.

"ಹೆಣ್ಮಕ್ಕಳಿಗೆ ಟೈಲರಿಂಗ್ ಇದೆ ಮೇಡಂ."

"ಅವಳಿಗೆ ಬೇಕಾಗಿರೋದು ವೈಂಡಿಂಗ್. ಹೆಣ್ಮಕ್ಕಳನ್ನ ಸೇರಿಸ್ಬಾರ್ದು ಅಂತ ನಿಮ್ಮ ರೂಲ್ಸಲ್ಲಿ ಇದೆಯಾ?"

"ರೂಲ್ಸಲ್ಲಿ ಹಂಗೇನಿಲ್ಲ. ಆದ್ರೆ ಆ ಷೆಡ್ಡಲ್ಲಿ ಹೆಂಗಸರಿಗೆ ಲೆಟ್ರಿನ್ ಇಲ್ಲ."

"ಕಟ್ಟಿಸಿ."

"ಹುಡುಗೀರೇ ಇಲ್ಲದ ಕಡೆ ಲೆಟ್ರಿನ್ ಕಟ್ಸಿದ್ರೆ ಮೇಲಿನೋರು ನನ್ನ ಸುಮ್ನೆ ಬಿಡ್ತಾರಾ ಮೇಡಂ?"

ಲೆಟ್ರಿನ್ ಇಲ್ಲದ್ದರಿಂದ ಹುಡುಗಿಯರನ್ನು ಸೇರಿಸುವುದಿಲ್ಲ. ಹುಡುಗಿಯರು ಇಲ್ಲದ್ದರಿಂದ ಲೆಟ್ರಿನ್ ಕಟ್ಟಿಸುವುದಿಲ್ಲ. ಆತ ಇದನ್ನು ವ್ಯಂಗ್ಯವಾಗಿ ಹೇಳಲಿಲ್ಲ, ಹೊರಗೆ ಬಿಸಿಲಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದ. ಮೇಲಿನ ಅಧಿಕಾರಿಯನ್ನು ನೋಡಬೇಕೆಂದು ಮಧ್ಯಾಹ್ನದವರೆಗೂ ಕೂತೆ. ಅವರು ಬಂದು, ಕೇಳಿ, ಗುಮಾಸ್ತ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಯಲಹಂಕದವರೆಗೂ ಬಯ್ಯುತ್ತಲೇ ಇದ್ದೆ. ಹುಡುಗಿ ಕಿಟಕಿಯಿಂದ ಹೊರಗೆ ನೋಡುತ್ತಾ, "ಆ ಷೆಡ್ಡು ನೋಡಿದ್ರಾ ಚಿಕ್ಕಮ್ಮ, ಎಷ್ಟು ದೊಡ್ಡ ದೊಡ್ಡ ಮೋಟ್ರಿತ್ತು" ಎಂದಳು.

ಇನ್ನು ಉಳಿದದ್ದು ನಮ್ಮ ಊರಿನ ಅಂಗಡಿಗಳು. ಒಬ್ಬಾತ ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು ಟೀ ತರಿಸಿದ. ಇನ್ನೊಬ್ಬ ನನ್ನ ಹತ್ತಿರವೇ ಓದಿದ್ದ ಹುಡುಗ. "ಬೇರೆ ಏನಾದ್ರೂ ಕೇಳಿ ಮಿಸ್, ಇದೊಂದು ಬೇಡ" ಎಂದು ಕೈ ಮುಗಿದ. ಕೊನೆಗೆ ಒಪ್ಪಿದ್ದು ಭಾವ ಯಾವಾಗಲೂ ಹೋಗುತ್ತಿದ್ದ ಅಂಗಡಿಯ ಮೇಸ್ತ್ರಿ. ಅವನ ಕೈಕೆಳಗಿದ್ದ ಹುಡುಗರಿಬ್ಬರೂ ಬೆಂಗಳೂರಿನ ಫ್ಯಾಕ್ಟರಿಗೆ ಸೇರಿಬಿಟ್ಟಿದ್ದರು. ಸುಟ್ಟ ಮೋಟಾರುಗಳು ಬಾಗಿಲವರೆಗೂ ಸಾಲಾಗಿ ಕೂತಿದ್ದವು. ಬೇಸಿಗೆ ಬೇರೆ.

"ಬರ್ಲಿ ಮೇಡಮ್ಮೋರೆ. ಆದ್ರೆ ಒಂದು ಮಾತು. ಮುಂದೆ ಕೂರ್ಸಕ್ಕಾಗಲ್ಲ. ಒಳಗಡೆ ಕೂತ್ಕಂಡು ಕೆಲಸ ಮಾಡ್ಲಿ. ನಾನು ಅಡ್ಡ ಒಂದು ಗೋಣಿ ಕಟ್ತೀನಿ. ಗಿರಾಕಿಗಳ ಕಣ್ಣಿಗೆ ಬೀಳೋದು ಬೇಡ" ಎಂದ.

"ಅವಳೇನು ಕಳ್ಳತನ ಮಾಡಕ್ಕೆ ಬರ್ತಿದ್ದಾಳಾ?" ಎಂದು ನಾನು ಶುರು ಮಾಡುವಷ್ಟರಲ್ಲಿ ಹುಡುಗಿ ನನ್ನ ಸೆರಗು ಎಳೆದಳು. "ಇರ್ಲಿ ಬಿಡಿ ಚಿಕ್ಕಮ್ಮ. ಒಳಗಡೆ ಕೂತ್ರೂ ತಂತಿ ಅದೇ ತಾನೆ?"

ಹೀಗೆ ಅವಳು ಗೋಣಿತಾಟಿನ ಹಿಂದೆ ಸೇರಿದಳು. ಕಿಟಕಿ ಇಲ್ಲದ, ವಾರ್ನಿಷ್ ವಾಸನೆ ತುಂಬಿದ ಕೋಣೆ. ಒಂದು ಬಲ್ಬು. ಮೊದಲು ಸುಟ್ಟ ತಂತಿ ಕೀಳುವುದು, ಆಮೇಲೆ ಕಾಗದ ಕತ್ತರಿಸಿ ಮೋಟಾರಿನೊಳಗಿನ ಸಂದುಗಳಿಗೆ ಕೂರಿಸುವುದು, ಆಮೇಲೆ ಕಾಯಿಲ್ ಸುತ್ತುವುದು. ಮೇಸ್ತ್ರಿ ಕಲಿಸುವುದರಲ್ಲಿ ಜಿಪುಣತನ ಮಾಡಲಿಲ್ಲ, ಅದನ್ನು ಹೇಳಲೇಬೇಕು. ತಪ್ಪಾದರೆ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದ. ಸರಿಯಾದರೆ ಏನೂ ಹೇಳುತ್ತಿರಲಿಲ್ಲ. ಅವಳು ಕೆಲವು ಮೋಟಾರುಗಳನ್ನು ಕೆಡಿಸಿದಳು ಕೂಡ. ಒಂದು ಸಲ ಪರೀಕ್ಷೆಗೆ ಸ್ವಿಚ್ ಹಾಕಿದ ಕೂಡಲೇ ಹೊಗೆ ಬಂತು, ಅವತ್ತು ಮನೆಗೆ ಬಂದು ಊಟ ಬಿಟ್ಟು ಮಲಗಿದಳು. ಮಾರನೆಯ ಬೆಳಿಗ್ಗೆ ಬೇಗ ಎದ್ದು ಹೋದಳು.

ಗಿರಾಕಿಗಳು ಅಂಗಡಿಯ ಬೆಂಚಿನ ಮೇಲೆ ಕೂತು ಬೀಡಿ ಸೇದುತ್ತಾ ಮೇಸ್ತ್ರಿಯ ಕೈಗುಣ ಹೊಗಳುತ್ತಿದ್ದರಂತೆ. ಇವಳು ಒಳಗಿನಿಂದ ಅದನ್ನೆಲ್ಲ ಕೇಳಿಸಿಕೊಂಡು ಬಂದು ನನಗೆ ನಗುತ್ತಾ ಹೇಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವಾಗೆಲ್ಲ ಆ ಗೋಣಿಯನ್ನು ಕಿತ್ತೆಸೆಯಬೇಕೆನಿಸುತ್ತಿತ್ತು.

ಎರಡು ವರ್ಷದ ಮೇಲೆ, ಬೇಸಿಗೆಯ ಒಂದು ಶನಿವಾರ. ಅರ್ಧ ದಿನದ ಸ್ಕೂಲು ಮುಗಿಸಿ, ಅವಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗೋಣವೆಂದು ಅಂಗಡಿಗೆ ಹೋದೆ. ದೊಡ್ಡಬೆಳವಂಗಲದ ಕಡೆಯ ದೊಡ್ಡ ಜಮೀನುದಾರನೊಬ್ಬ ಆಳುಗಳಿಂದ ಮೋಟಾರು ಇಳಿಸುತ್ತಿದ್ದ. ಮೇಸ್ತ್ರಿ ತಂತಿ ತರಲು ಪಕ್ಕದ ಅಂಗಡಿಗೆ ಹೋಗಿದ್ದನಂತೆ. ಅದು ತಿಳಿಯದೆ ಹುಡುಗಿ ಏನೋ ಕೇಳಲು ಗೋಣಿ ಸರಿಸಿ ಹೊರಗೆ ಬಂದಳು. ಕೈಯಲ್ಲಿ ಅರ್ಧ ಸುತ್ತಿದ ಕಾಯಿಲ್. ಅದೇ ಹೊತ್ತಿಗೆ ಮೇಸ್ತ್ರಿಯೂ ವಾಪಸ್ಸು ಬಂದ.

ಆ ಮನುಷ್ಯ ಇವಳನ್ನು ಮೇಲಿಂದ ಕೆಳಗೆ ನೋಡಿ, "ಏನಯ್ಯಾ ಮೇಸ್ತ್ರಿ, ಹೆಣ್ಣೆಂಗ್ಸಿನ ಕೈಲಿ ಮೋಟ್ರು ಬಿಚ್ಚುಸ್ತೀಯಾ? ನಾವು ಬಾವಿಗೆ ಗಂಗಮ್ಮನ ಪೂಜೆ ಮಾಡ್ತೀವಿ. ಮುಟ್ಟು ಗಿಟ್ಟು ಅಂತ ಏನೂ ಇಲ್ವಾ ನಿನಗೆ?" ಎಂದ. ಬೀದಿಗೆಲ್ಲ ಕೇಳುವ ಹಾಗೆ.

ಮೇಸ್ತ್ರಿ ಒಂದು ಕ್ಷಣವೂ ಯೋಚಿಸಲಿಲ್ಲ. "ಅಯ್ಯೋ, ಎಲ್ಲಾದ್ರೂ ಉಂಟಾ ಯಜಮಾನ್ರೆ! ಆ ಮಗು ಕಸ ಗುಡಿಸಕ್ಕೆ ಬರೋದು ಅಷ್ಟೆ" ಎಂದುಬಿಟ್ಟ.

ಹುಡುಗಿ ಅಲ್ಲೇ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ನಾನು ಸುಮ್ಮನಿರುವುದು ಹೇಗೆ?

"ಕಸ ಗುಡಿಸೋಳ ಬೆರಳಿಗೆ ವಾರ್ನಿಷ್ ಎಲ್ಲಿಂದ ಬಂತು ಮೇಸ್ತ್ರಿ?" ಎಂದೆ. ಆಮೇಲೆ ಆ ಮನುಷ್ಯನ ಕಡೆ ತಿರುಗಿ, "ಹೋದ ವರ್ಷ ನೀವು ಇಲ್ಲೇ ಕಟ್ಟಿಸ್ಕೊಂಡು ಹೋದ ಮೋಟ್ರನ್ನ ಕಟ್ಟಿದ್ದು ಇವಳೇ. ವರ್ಷ ಪೂರ್ತಿ ಅದೇ ನೀರು ಕುಡಿದಿದ್ದೀರಿ. ನಿಮ್ಮ ಗಂಗಮ್ಮ ಏನಾದ್ರೂ ಅಂದ್ಲಾ?" ಎಂದೆ.

"ಅದಕ್ಕೇ ಈ ವರ್ಷ ಸುಟ್ಟಿರೋದು!" ಎಂದ ಆತ. ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ಮೋಟಾರು ಮತ್ತೆ ಗಾಡಿ ಹತ್ತಿತು.

ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಜಮೀನುದಾರನ ಮೇಲೆ ನನಗೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಬಂದದ್ದು ಮೇಸ್ತ್ರಿಯ ಮೇಲೆ. ಅವನಿಗೆ ಗೊತ್ತಿತ್ತು. ಆ ಬೀದಿಯಲ್ಲಿ ಅವಳ ಕೆಲಸ ಏನೆಂದು ಬಲ್ಲವನು ಅವನೊಬ್ಬನೇ. ಹುಡುಗಿ ಕಾಯಿಲನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಬಂದಳು. ಅಮ್ಮನಿಗೆ ಏನೂ ಹೇಳಬೇಡಿ ಎಂದು ಬಸ್ಸು ಇಳಿಯುವಾಗ ಕೇಳಿಕೊಂಡಳು.

ಸೋಮವಾರ ಅವಳು ಅಂಗಡಿಗೆ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಒಂದು ಸಂಜೆ ಮೇಸ್ತ್ರಿಯೇ ನಮ್ಮ ಮನೆ ಬಾಗಿಲಿಗೆ ಬಂದ. ಕೂತುಕೊಳ್ಳಿ ಎಂದರೂ ಹೊಸಿಲ ಹೊರಗೇ ನಿಂತ.

"ಕೆಲಸ ರಾಶಿ ಬಿದ್ದೈತೆ. ಮಗೂನ ಕಳ್ಸಿ ಮೇಡಮ್ಮೋರೆ."

"ಕಸ ಗುಡಿಸೋಕೆ ಬೇರೆ ಯಾರೂ ಸಿಗಲಿಲ್ವಾ?" ಎಂದೆ.

"ನಾನೇನ್ ಮಾಡ್ಲಿ ಹೇಳಿ? ಅಂಥೋರನ್ನ ಎದುರು ಹಾಕ್ಕೊಂಡು ಅಂಗಡಿ ಮುಚ್ಕೊಳ್ಲಾ? ನನಗೂ ಹೆಂಡ್ತಿ ಮಕ್ಳವ್ರೆ."

ನನ್ನ ನಾಲಿಗೆಯ ತುದಿಯಲ್ಲಿ ಬೇಕಾದಷ್ಟಿತ್ತು. ಅಷ್ಟರಲ್ಲಿ ಹುಡುಗಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ಬರ್ತೀನಿ ಮೇಸ್ತ್ರಿ. ಗೋಣಿ ಕಿತ್ತಾಕಿ. ಯಾರಾದ್ರೂ ಕೇಳಿದ್ರೆ ಕೆಲಸ ಕಲೀತಾಳೆ ಅನ್ನಿ."

"ಗಿರಾಕಿ ಹೋದ್ರೆ?"

"ಹೋಗ್ಲಿ. ಇನ್ನೊಂದು ಅಂಗಡೀಲಿ ನಾಲ್ಕು ದಿನ ಕಾದು, ಪೈರು ಬಾಡಿದ್ಮೇಲೆ ಇಲ್ಲಿಗೇ ಬರ್ತಾರೆ."

ಮೇಸ್ತ್ರಿ ತಲೆ ಕೆರೆದುಕೊಂಡ. ತಪ್ಪಾಯಿತು ಎಂದು ಅವನು ಹೇಳಲಿಲ್ಲ, ಆಮೇಲೆ ಕೂಡ ಎಂದೂ ಹೇಳಲಿಲ್ಲ. "ನಾಳೆ ಬೇಗ ಬಾ" ಎಂದು ಹೊರಟುಹೋದ. ಮಾರನೆಯ ದಿನ ಗೋಣಿ ಇರಲಿಲ್ಲ. ಅವಳ ಸ್ಟೂಲು ಬಾಗಿಲಿನ ಬೆಳಕಿಗೆ ಬಂದಿತ್ತು.

ಕೆಲವರು ಬಿಟ್ಟುಹೋದರು. ಕೆಲವರು ಬಂದರು. ಬಹಳ ಜನ ಸುಮ್ಮನೆ ನೋಡಲು ಬಂದು ನಿಲ್ಲುತ್ತಿದ್ದರು, ಕೋತಿ ಆಡಿಸುವವನ ಮುಂದೆ ನಿಂತ ಹಾಗೆ. ನಮ್ಮ ಸ್ಟಾಫ್ ರೂಮಿನಲ್ಲಿ ಓದಿಕೊಂಡವರೇ, "ನಿಮ್ಮ ಹುಡುಗಿ ಅಂತೆ?" ಎಂದು ರಾಗ ಎಳೆಯುತ್ತಿದ್ದರು. ಹೌದು, ನಮ್ಮ ಹುಡುಗಿಯೇ, ನಿಮ್ಮ ಫ್ಯಾನು ಕೆಟ್ಟಿದ್ದರೆ ಕೊಡಿ ಎನ್ನುತ್ತಿದ್ದೆ.

ಪೂರ್ತಿ ಕೆಲಸ ಕೈಗೆ ಬಂದ ಮೇಲೆ ಬೆಂಗಳೂರಿನ ಒಂದು ಕಾರ್ಖಾನೆಗೆ ಕಾಯಿಲ್ ಸುತ್ತುವವರು ಬೇಕೆಂದು ತಿಳಿಯಿತು. ಅದೂ ಹೆಣ್ಣುಮಕ್ಕಳೇ ಬೇಕಂತೆ! ನಾನೇ ಜೊತೆಗೆ ಹೋದೆ. ಅವಳ ಕೈಲಿ ಒಂದು ಕಾಯಿಲ್ ಸುತ್ತಿಸಿ ನೋಡಿದ ಅಧಿಕಾರಿ ಬಹಳ ಖುಷಿಯಾಗಿ ನನಗೆ ವಿವರಿಸಿದ: "ಈ ಕೆಲಸಕ್ಕೆ ಹೆಂಗಸರೇ ಲಾಯಕ್ಕು ಮೇಡಂ. ಬೆರಳು ಸೂಕ್ಷ್ಮ, ತಾಳ್ಮೆ ಜಾಸ್ತಿ, ಎದುರುಮಾತಿಲ್ಲ." ದೊಡ್ಡಬಳ್ಳಾಪುರದಲ್ಲಿ ಮೈಲಿಗೆಯಾಗಿದ್ದ ಬೆರಳು ಅಲ್ಲಿಂದ ಸ್ವಲ್ಪವೇ ದೂರ ಬರುವಷ್ಟರಲ್ಲಿ ಸೂಕ್ಷ್ಮವಾಗಿಬಿಟ್ಟಿತ್ತು. ಸಾಲಾಗಿ ಕೂತು ಸುತ್ತುತ್ತಿದ್ದವರೆಲ್ಲ ಹುಡುಗಿಯರು, ಹಿಂದೆ ಕೈಕಟ್ಟಿ ಓಡಾಡುತ್ತಿದ್ದ ಮೇಲ್ವಿಚಾರಕರೆಲ್ಲ ಗಂಡಸರು. ನಾನು ಬಾಯಿ ಬಿಡಬೇಕೆಂದಿದ್ದೆ. ಹುಡುಗಿ ಕಣ್ಣಲ್ಲೇ ಬೇಡ ಎಂದಳು. ಅವಳಿಗೆ ಕೆಲಸ ಸಿಕ್ಕಿತು. ಮುಂದೆ ಅದೇ ಕಾರ್ಖಾನೆಯ ಹುಡುಗನನ್ನೇ ಮದುವೆಯಾದಳು, ಭಾವ ಗಂಡು ಹುಡುಕುವ ಗೋಜೇ ಇಲ್ಲದ ಹಾಗೆ.

ಮದುವೆಯಾದ ಮೊದಲ ಯುಗಾದಿಗೆ ಇಬ್ಬರೂ ಊರಿಗೆ ಬಂದಿದ್ದರು. ನಾವೂ ಹೋಗಿದ್ದೆವು. ಹೋಳಿಗೆ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅಂಗಳದಲ್ಲಿ ಗಾಡಿ ನಿಂತಿತು. ಅದರಲ್ಲೊಂದು ಮೋಟಾರು. ಅದರ ಹಿಂದೆ ಇನ್ನೊಂದು ಗಾಡಿ. ಮಗಳು ಬರುತ್ತಾಳೆ, ಕಾಸು ಖರ್ಚಿಲ್ಲದೆ ನೋಡಿಕೊಡುತ್ತಾಳೆ ಎಂದು ಭಾವನೇ ಊರಿಗೆಲ್ಲ ಹೇಳಿದ್ದರು.

"ಹಬ್ಬದ ದಿನಾನೂ ಬಿಡಲ್ವಾ ಆ ಮಗೂನ?" ಎಂದು ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

ನಾನೂ ಬಿಡಲಿಲ್ಲ. "ಇವಳಿಗೋಸ್ಕರ ನಾನು ಅಂಗಡಿ ಅಂಗಡಿ ಅಲೀತಿದ್ದಾಗ ನಕ್ಕಿದ್ದು ನೀವೇ ಅಲ್ವಾ ಭಾವ? ಈಗ ಊರಿಗೆಲ್ಲ ಧರ್ಮಕ್ಕೆ ಮಾಡಿಕೊಡ್ಬೇಕಾ?"

"ಆಗಿನ್ ಮಾತು ಈಗ್ಯಾಕಮ್ಮ?" ಎಂದರು ಭಾವ, ಏನೂ ಆಗಿಲ್ಲವೆಂಬಂತೆ.

ಹುಡುಗಿ ನನ್ನನ್ನು ನೋಡಿ ನಕ್ಕಳು. ಆಮೇಲೆ ಜಗಲಿಯ ತುದಿಗೆ ಹೋಗಿ ನಿಂತು, ಗಾಡಿಯ ಹತ್ತಿರ ಟವೆಲ್ ಹೊದ್ದು ನಿಂತಿದ್ದ ಗಂಡಸರಿಗೆ, "ಬಿಟ್ಟಿ ಮಾಡಲ್ಲ. ಅಂಗಡೀಲಿ ಏನು ಕೊಡ್ತೀರೋ ಅದೇ ಇಲ್ಲೂ. ಒಪ್ಗೆ ಇದ್ರೆ ಇಳ್ಸಿ, ಊಟ ಆದ್ಮೇಲೆ ನೋಡ್ತೀನಿ" ಎಂದಳು.

ಅವರು ಭಾವನ ಮುಖ ನೋಡಿದರು. ಭಾವ ಆಕಾಶ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಮೊದಲನೆಯ ಗಾಡಿಯವನು ಹಗ್ಗ ಬಿಚ್ಚತೊಡಗಿದ. ನಾವು ಒಳಗೆ ಹೋಗಿ ಎಲೆಯ ಮುಂದೆ ಕೂತೆವು.