ರತ್ನಕ್ಕ ಒತ್ತದೇ ಇದ್ದ ಗುಂಡಿ

ನಮ್ಮ ಆಫೀಸಿನ ಆರು ವರ್ಷದ ಪತ್ರಗಳನ್ನು ಅಳಿಸಿ ಹಾಕಿದವನು ನಾನು. ರತ್ನಕ್ಕ ಅಲ್ಲ.

ಇಷ್ಟು ಬರೆಯುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಅಷ್ಟು ದಿನ ನನ್ನ ಬಾಯಿ ಕಟ್ಟಿದ್ದು ಹೆದರಿಕೆ ಎಂದರೆ ಸುಳ್ಳಾದೀತು — ಹೆಮ್ಮೆ ಕಟ್ಟಿತ್ತು. ನನ್ನ ಬಗ್ಗೆ ನಾಲ್ಕು ಜನ ಆಡುತ್ತಿದ್ದ ಒಳ್ಳೆಯ ಮಾತು ಕೇಳುವುದಕ್ಕೆ ಇಂಪಾಗಿತ್ತು, ಅಷ್ಟೆ.

ನಮ್ಮದು ತೆಂಗಿನ ನಾರಿನ ಹಾಸು ಮಾಡುವ ಸಂಸ್ಥೆ. ಕಾರ್ಖಾನೆ ಗುಬ್ಬಿಯಲ್ಲಿ, ಆಫೀಸು ಬಟವಾಡಿಯಲ್ಲಿ, ಒಂದು ಕ್ಲಿನಿಕ್ಕಿನ ಮೇಲಿನ ಮಹಡಿ. ನಾವು ಒಂಬತ್ತು ಜನ. ಯಾವ್ಯಾವುದೋ ದೇಶದ ಮನೆಬಾಗಿಲಲ್ಲಿ ಗುಬ್ಬಿಯ ನಾರು ಬಿದ್ದಿದೆ ಎಂದರೆ ಇವತ್ತಿಗೂ ನನ್ನ ಎದೆ ಹಿಗ್ಗುತ್ತದೆ. ಹಾಸಿನ ಅಳತೆ, ಅಂಚಿನ ಬಣ್ಣ, ದಪ್ಪ — ಎಲ್ಲವನ್ನೂ ಆ ದೇಶಗಳ ಗಿರಾಕಿಗಳು ಇಮೇಲಿನಲ್ಲೇ ಬರೆಯುತ್ತಿದ್ದರು. ಪತ್ರ ಹೋಯಿತೆಂದರೆ ಹಾಸೂ ಹೋಯಿತು.

ಆ ಪತ್ರಗಳನ್ನು ನೋಡಿಕೊಳ್ಳುವವರು ರತ್ನಕ್ಕ. ದಿನಾ ಬೆಳ್ಳಾವಿಯಿಂದ ಬಸ್ಸಿನಲ್ಲಿ ಬರುವವರು. ಆಫೀಸಿಗೆ ನನಗಿಂತ ಹಳಬರು. ಅಂಚೆಯವನು ಟಪಾಲು ತರುತ್ತಿದ್ದ ಕಾಲದಿಂದ ಅವರಿಗೊಂದು ಪದ್ಧತಿ: ಬಂದ ಪ್ರತಿ ಕಾಗದಕ್ಕೂ ದಪ್ಪ ರಟ್ಟಿನ ವಹಿಯಲ್ಲಿ ಒಂದು ಆವಕ ನಂಬರು, ತಾರೀಖು, ಯಾರದ್ದು, ಏನು ಕೇಳಿದ್ದಾರೆ ಎಂದು ಎರಡು ಸಾಲು. ಇಮೇಲ್ ಬಂದ ಮೇಲೂ ಅವರು ಬಿಡಲಿಲ್ಲ. ಪರದೆ ನೋಡುವುದು, ಕನ್ನಡಕ ಸರಿ ಮಾಡಿಕೊಳ್ಳುವುದು, ವಹಿಯಲ್ಲಿ ಬರೆಯುವುದು. ನಮಗೆಲ್ಲ ಅದೊಂದು ತಮಾಷೆ.

"ಏನಕ್ಕಾ, ಗಾಳೀಲ್ ಬಂದ ಕಾಗ್ದುಕ್ಕೂ ನಂಬರ್ರಾ?" ಎಂದು ನಾನೇ ಒಮ್ಮೆ ಕೇಳಿದ್ದೆ.

"ಗಾಳೀಲ್ ಬಂದಿದ್ದು ಗಾಳೀಲೇ ಹೋಯ್ತದೆ ಕಣಪ್ಪಾ. ಬರ್ದಿಟ್ಟಿದ್ದು ಇರ್ತದೆ," ಎಂದಿದ್ದರು, ತಲೆ ಎತ್ತದೆ.

ಹಳೆಯ ಇಮೇಲ್ ಪ್ರೋಗ್ರಾಂ ಮುದಿಯಾಗಿತ್ತು. ಒಂದು ಪತ್ರ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದಿತ್ತು. ಹೊಸದನ್ನು ಹಾಕುವ ಕೆಲಸ ಯಜಮಾನರು ನನಗೆ ವಹಿಸಿದರು. ಯಾರ ಹತ್ತಿರವೂ ಕಲಿಯದೆ, ನೋಡಿ ನೋಡಿ ಕಲಿತವನು ನಾನು. ಆಫೀಸಿನಲ್ಲಿ 'ಕಂಪ್ಯೂಟರ್ ಕುಮಾರ' ಎಂದೇ ಹೆಸರು. ಅರ್ಧ ದಿನ ಸಾಕು ಸಾರ್ ಎಂದುಬಿಟ್ಟೆ. ಹೊರಗಿನವರನ್ನು ಒಬ್ಬರನ್ನು ಕೇಳಿದ್ದರೆ — ಕೇಳಲಿಲ್ಲ.

ಹಳೆಯ ಪ್ರೋಗ್ರಾಂ ಪತ್ರಗಳನ್ನೆಲ್ಲ ಎಳೆದುಕೊಂಡು ಆ ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಶನಿವಾರ ನಾನು ಪರದೆಯ ಮೇಲಿದ್ದ, ಒತ್ತಿದರೆ ಪ್ರೋಗ್ರಾಂ ತೆರೆಯುವ ಲಕೋಟೆಯ ಚಿತ್ರವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ಪತ್ರಗಳೆಲ್ಲ ಅದರೊಳಗೇ ಇವೆ ಅಂದುಕೊಂಡಿದ್ದೆ. ಮನೆಯ ಫೋಟೋ ಜೇಬಿಗಿಳಿಸಿ ಮನೆಯನ್ನೇ ತಂದೆ ಎಂದು ಬೀಗಿದ ಹಾಗೆ. ಆಮೇಲೆ ಕಂಪ್ಯೂಟರನ್ನು ಪೂರ್ತಿ ಅಳಿಸಿ, ಹೊಸ ಪ್ರೋಗ್ರಾಂ ಹಾಕಿ, ಪೆನ್‌ಡ್ರೈವ್ ಚುಚ್ಚಿದೆ. ಚಿತ್ರ ಬಂತು. ಪತ್ರ ಒಂದೂ ಬರಲಿಲ್ಲ. ಹೊಸ ಟಪಾಲು ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು — ಖಾಲಿ.

ಆ ಭಾನುವಾರ ಹೇಗೆ ಕಳೆಯಿತೆಂದು ಬರೆಯುವುದಿಲ್ಲ. ಬರೆದರೆ ನೀವು ಅಯ್ಯೋ ಪಾಪ ಅಂದೀರಿ.

ಸೋಮವಾರ ಯಜಮಾನರು ಬಂದು ಪರದೆ ನೋಡಿದರು. ನನ್ನ ಮುಖ ನೋಡಿದರು. ನಾನು ಹೇಳಿದೆ:

"ಶುಕ್ರವಾರ ಸಂಜೆ ಅಕ್ಕ ಏನೋ ಒತ್ತಿರ್ಬೇಕು ಸಾರ್. ನಾನ್ ನೋಡೋ ಹೊತ್ಗೆ ಖಾಲಿ ಇತ್ತು."

ಅಷ್ಟೇ ಮಾತು. ರತ್ನಕ್ಕ ಜಗಳವಾಡಬಹುದಿತ್ತು. ಅವರು ತಮ್ಮ ಬಲಗೈ ಬೆರಳನ್ನೊಮ್ಮೆ ನೋಡಿಕೊಂಡರು. "ಹೌದು ಸಾರ್. ಹೋಗೋ ಮುಂಚೆ ಅದು ಏನೋ ಕೇಳ್ತು. ನಾನು ಹೂಂ ಅಂತ ಒತ್ಬುಟ್ಟೆ. ಅದೇ ಇರ್ಬೇಕು," ಎಂದರು.

ಅದು ಏನು ಕೇಳಿತ್ತೆಂದು ನನಗೆ ಗೊತ್ತಿತ್ತು. ಪತ್ರಗಳನ್ನು ಒತ್ತಾಗಿ ಜೋಡಿಸಿ ಜಾಗ ಉಳಿಸಲೇ ಎಂದು ತಿಂಗಳಿಗೊಮ್ಮೆ ಕೇಳುತ್ತಿತ್ತು. ಹೂಂ ಎಂದರೆ ಏನೂ ಹೋಗುತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನೆ ನಿಂತಿದ್ದೆ.

ಮರುಗಳಿಗೆಯೇ ಅವರು ಬೀರು ತೆಗೆದು ಆರು ವರ್ಷದ ವಹಿಗಳನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಯಾವ ದೇಶದವರು, ಯಾವ ತಾರೀಖು, ಯಾವ ಅಳತೆ — ಎಲ್ಲ ಅವರ ದುಂಡು ಅಕ್ಷರದಲ್ಲಿತ್ತು. ಅವರು ಓದುತ್ತಾ ಹೋದರು, ನಾನು ಟೈಪು ಮಾಡಿದೆ: ಇಂಥ ದಿನ ನೀವು ಬರೆದ ಇಂಥ ಪತ್ರವನ್ನು ದಯವಿಟ್ಟು ಇನ್ನೊಮ್ಮೆ ಕಳಿಸಿ. ದಿನಕ್ಕಷ್ಟು ಪತ್ರ ಮರಳಿ ಬಂದವು. ಬಾರದೇ ಹೋದವಕ್ಕೆ ವಹಿಯ ಆ ಎರಡು ಸಾಲೇ ಆಧಾರವಾಯಿತು. ಗುಬ್ಬಿಯಿಂದ ಒಂದು ಹಾಸೂ ತಪ್ಪು ಅಳತೆಯಲ್ಲಿ ಹೋಗಲಿಲ್ಲ. ಇಂಥ ಕೆಲಸ ಯಾವ ದೊಡ್ಡ ಆಫೀಸಿನಲ್ಲೂ ಆಗಿರಲಾರದು ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಆ ವರ್ಷದ ಆಯುಧಪೂಜೆಯಲ್ಲಿ ಯಜಮಾನರು ಶಾಲು ಹೊದಿಸಿದರು — ನನಗೆ. ಕುಮಾರ ಇಲ್ಲದಿದ್ದರೆ ನಮ್ಮ ಕಥೆ ಮುಗಿಯುತ್ತಿತ್ತು ಎಂದರು. ರತ್ನಕ್ಕ ಆಗ ಕಂಪ್ಯೂಟರಿಗೆ ವಿಭೂತಿ ಹಚ್ಚುತ್ತಿದ್ದರು. "ವಿಭೂತಿ ಹಚ್ಚಕ್ಕಾ, ಗುಂಡಿ ಮಾತ್ರ ಮುಟ್ಬೇಡ," ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ರತ್ನಕ್ಕನೂ ನಕ್ಕು ನನಗಾಗಿ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಸುಳ್ಳು ಹೇಳಿದ್ದಕ್ಕಿಂತ ಆ ನಗು —

ಅಂದಿನಿಂದ ಅವರು ಯಾವ ಗುಂಡಿಯನ್ನೂ ತಾವಾಗಿ ಒತ್ತಿದ್ದಿಲ್ಲ. ಬೆರಳನ್ನು ಮೇಲೆ ಹಿಡಿದುಕೊಂಡು ನನ್ನ ಕಡೆ ತಿರುಗುತ್ತಾರೆ: "ಒತ್ಲಾ?" ಹನ್ನೊಂದು ವರ್ಷ, ದಿನಕ್ಕೆ ಹತ್ತಾರು ಸಲ, ನಾನು "ಒತ್ತಕ್ಕಾ" ಎಂದಿದ್ದೇನೆ. ದೊಡ್ಡ ಮನಸ್ಸಿನವನ ಹಾಗೆ.

ಈಗ ಮತ್ತೊಂದು ಹೊಸ ಪ್ರೋಗ್ರಾಂ ಬರುತ್ತಿದೆ. ತಿಂಗಳ ಕೊನೆಗೆ ರತ್ನಕ್ಕ ನಿವೃತ್ತರಾಗುತ್ತಾರೆ. ಹೋದ ವಾರ ಎಲ್ಲರಿಗೂ ಅದನ್ನು ತೋರಿಸಿಕೊಡುವಾಗ ಅವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

"ನಂಗ್ಬೇಡ ಕಣೋ ಕುಮಾರ. ಒಂದ್ಸಲ ಕಂಪ್ನಿ ಮುಳುಗ್ಸಕ್ಕೆ ಹೋಗಿದ್ದು ಸಾಕು. ಮರ್ಯಾದೆಯಾಗ್ ಮನೆಗೋಯ್ತೀನಿ ಬುಡು."

ನಗುನಗುತ್ತಲೇ ಹೇಳಿದರು. ಮೂವತ್ತು ವರ್ಷ ಒಂದು ಸಾಲು ತಪ್ಪದೆ ಬರೆದ ಹೆಂಗಸು, ತಾನು ಕಂಪನಿ ಮುಳುಗಿಸಿದವಳು ಎಂಬ ಮಾತನ್ನು ಚೀಲದಲ್ಲಿಟ್ಟುಕೊಂಡು ಬೆಳ್ಳಾವಿ ಬಸ್ಸು ಹತ್ತುವುದೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದರು ನಮ್ಮಜ್ಜಿ. ಅವರ ಮಾನ ಒಂದು ಅಡಿಕೆಗೂ ಹೋಗಿರಲಿಲ್ಲ. ನಾನು ಕದ್ದಿದ್ದೆ.

ಈ ಸಲ ನಕಲು ಸರಿಯಾಗಿ ಮಾಡಿದ್ದೇನೆ. ಸರಿ ಎಂದು ಹೇಗೆ ಗೊತ್ತು? ರತ್ನಕ್ಕನ ವಹಿಗಳನ್ನು ಪಕ್ಕದಲ್ಲಿಟ್ಟುಕೊಂಡು ನಂಬರು ನಂಬರಾಗಿ ತಾಳೆ ನೋಡಿದೆ. ಅಂದು ನಾನು ಅಳಿಸಿ, ಮರಳಿ ಬಾರದೇ ಹೋದವನ್ನು ಬಿಟ್ಟರೆ ಹೊಸ ಪ್ರೋಗ್ರಾಮಿನಲ್ಲಿ ಒಂದು ಪತ್ರವೂ ಕಡಿಮೆ ಇಲ್ಲ. ಅವರ ವಹಿಯಲ್ಲಿ ಒಂದು ತಪ್ಪೂ ಇಲ್ಲ. ಮುಗಿಸಿದಾಗ ಎದೆ ತುಂಬಿ ಬಂತು. ಅಂಥವರ ಪಕ್ಕದ ಮೇಜಿನಲ್ಲಿ ಇಷ್ಟು ವರ್ಷ ಕೂತೆನಲ್ಲ ಎಂದು. ಅವರ ಬಗ್ಗೆ ಹೆಮ್ಮೆ ಪಡುವ ಹಕ್ಕು ನನಗಿದೆಯೋ ಇಲ್ಲವೋ. ಆದರೆ ಪಡುತ್ತಿದ್ದೇನೆ.

ಸೋಮವಾರ ಅವರು ಬಸ್ಸಿಳಿದು ಬರುತ್ತಲೇ ಎಲ್ಲರ ಎದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ. ಶಾಲನ್ನು ಯಜಮಾನರ ಮೇಜಿನ ಮೇಲೆ ಮರಳಿ ಇಡುತ್ತೇನೆ. ಆಮೇಲೆ ಹೊಸ ಪ್ರೋಗ್ರಾಮಿನಿಂದ ಹೋಗುವ ಮೊದಲ ಪತ್ರವಾಗಿ ಈ ಬರಹವನ್ನೇ ನಮ್ಮ ಆಫೀಸಿನ ವಿಳಾಸಕ್ಕೆ ಕಳಿಸುತ್ತೇನೆ. ಗುಂಡಿ ನಾನೇ ಒತ್ತುತ್ತೇನೆ. ಪತ್ರ ರತ್ನಕ್ಕನ ಪರದೆಗೆ ಬರುತ್ತದೆ. ಅದಕ್ಕೊಂದು ಆವಕ ನಂಬರು ಕೊಡುವುದೋ, ಹಾಗೇ ಬಿಡುವುದೋ — ವಹಿ ಅವರದು.